ನಿನ್ನೆಯ ಪೇಪರ್ ಓದುವ ಜಗಲಿ

ನನಗೂ ಒಬ್ಬಳು ಸವತಿ ಇದ್ದಳು. ಹೆಂಗಸಲ್ಲ, ಲೈಬ್ರರಿ. ನಂಜನಗೂಡಿನ ಪೇಟೆ ಬೀದಿಯ ಹಿಂದೆ ಹಳೇ ಹೆಂಚಿನ ಕಟ್ಟಡದಲ್ಲಿದ್ದ ಶಾಖಾ ಗ್ರಂಥಾಲಯ. ನಗಬೇಡಿ. ಹೆಂಗಸಾಗಿದ್ದರೆ ಜುಟ್ಟು ಹಿಡಿದು ಬೀದಿಗೆ ಎಳೆದು, ನಾಲ್ಕು ಜನರ ಮುಂದೆ ನಾಲ್ಕು ಮಾತಾಡಿ ಬರಬಹುದಿತ್ತು. ಹೆಂಚಿನ ಕಟ್ಟಡವನ್ನು ಏನು ಅಂತ ಬೈಯುವುದು?

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮ ಯಜಮಾನರು ದುಡಿಯುತ್ತಿದ್ದ ನೂಲಿನ ಗಿರಣಿಗೆ ಬೀಗ ಬಿದ್ದು ಒಂದು ವರ್ಷದ ಮೇಲಾಗಿತ್ತು. ಇಪ್ಪತ್ತೆರಡು ವರ್ಷ ಅಲ್ಲಿ ದುಡಿದು ಮೇಸ್ತ್ರಿಯಾಗಿದ್ದವರು ಇವರು. ಯಂತ್ರಗಳ ಸದ್ದನ್ನು ಮೀರಿಸಿ ಕೂಗಿ ಕೂಗಿ ಗಂಟಲು ಎಷ್ಟು ದೊಡ್ಡದಾಗಿತ್ತೆಂದರೆ, ಊಟಕ್ಕೆ ಕೂತು ಉಪ್ಪು ಕೇಳಿದರೆ ಪಕ್ಕದ ಮನೆಯವರು ಎದ್ದು ಬರಬೇಕು. ಸಂಜೆ ಮನೆಗೆ ಬಂದರೆ ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಅವತ್ತಿನ ಕತೆ ಶುರು. ಯಾರ ದಾರ ಹರಿಯಿತು, ಯಾರು ಯಾರಿಗೆ ಬೈದರು, ಕ್ಯಾಂಟೀನಿನ ಸಾಂಬಾರಿನಲ್ಲಿ ಏನು ಸಿಕ್ಕಿತು. ನಾನು ಸೌದೆ ಒಲೆ ಊದುತ್ತ, 'ಸಾಕು ಬುಡಿ, ತಲೆ ನೋಯ್ತದೆ' ಎನ್ನುತ್ತಿದ್ದೆ. ನನ್ನ ಆ ಬಾಯಿಗೆ ಬೆಂಕಿ ಹಾಕ.

ಗಿರಣಿ ಮುಚ್ಚಿದ ಮೇಲೆ ಮೊದಮೊದಲು ಕೆಲಸ ಹುಡುಕಿಕೊಂಡು ಸೈಕಲ್ ತುಳಿದರು. ಆಮೇಲೆ ಅದೂ ನಿಂತಿತು, ಮಾತೂ ನಿಂತಿತು. ಮಗಳನ್ನು ಮದುವೆ ಮಾಡಿ ಕೊಟ್ಟಾಗಿತ್ತು, ಮನೆಯಲ್ಲಿ ನಾವಿಬ್ಬರೇ. ನಾನು ರವಿಕೆ ಹೊಲಿಯುವ ಮಿಷನ್ ಮುಂದೆ, ಅವರು ಗೋಡೆ ಕಡೆ ಮುಖ ಮಾಡಿಕೊಂಡು. 'ಊಟ ಮಾಡ್ತೀರಾ?' ಎಂದರೆ 'ಹ್ಞೂಂ.' 'ಇನ್ನೊಂಚೂರು ಸಾರು?' 'ಉಹ್ಞೂಂ.' ದಿನಕ್ಕೆ ಇವೆರಡೇ. ಬೈದು ನೋಡಿದೆ, ಅತ್ತು ನೋಡಿದೆ, ಮೂರು ದಿನ ನಾನೂ ಮಾತು ಬಿಟ್ಟು ನೋಡಿದೆ. ನಾನು ಮಾತು ಬಿಟ್ಟದ್ದು ಅವರಿಗೆ ಗೊತ್ತೇ ಆಗಲಿಲ್ಲ. ಸಂಸಾರ ಹೇಗೋ ತೂಗುತ್ತಿತ್ತು, ಅದರ ಚಿಂತೆಯಲ್ಲ ನನಗೆ. ಈ ಮನುಷ್ಯ ನನ್ನ ಹತ್ತಿರ ಮತ್ತೆ ಮಾತಾಡಬೇಕು. ನನಗೆ ಬೇಕಾಗಿದ್ದದ್ದು ಇಷ್ಟೇ.

ಈ ನಡುವೆ ಅವರಿಗೆ ಲೈಬ್ರರಿ ಚಟ ಹತ್ತಿತು. ಬೆಳಿಗ್ಗೆ ಎಂಟೂವರೆಗೆ ಬಾಗಿಲು ತೆಗೆಯುವ ಹೊತ್ತಿಗೆ ಹೋದರೆ ಹನ್ನೊಂದೂವರೆಗೆ ವಾಪಸ್. ಸಂಜೆ ನಾಲ್ಕಕ್ಕೆ ಮತ್ತೆ. ಹೋಗಲಿ, ನಾಲ್ಕು ಗೋಡೆ ನೋಡುವುದಕ್ಕಿಂತ ಪೇಪರ್ ನೋಡಲಿ ಎಂದು ನಾನೇ ಅಂದುಕೊಂಡೆ. ಸೋಮವಾರ ಲೈಬ್ರರಿಗೆ ರಜೆ. ಊರಿಗೆಲ್ಲ ಸೋಮವಾರ ನಂಜುಂಡನ ವಾರ. ಬಸ್ಸಿಳಿದ ಜನ ತಲೆಗೂದಲು ಕೊಟ್ಟು, ಹೊಳೆಯಲ್ಲಿ ಮುಳುಗಿ, ಬೀದಿ ತುಂಬ ಒದ್ದೆ ಬಟ್ಟೆಯಲ್ಲಿ ಓಡಾಡುವ ದಿನ. ನನಗೆ ಮಾತ್ರ ಅದು ಗಂಡನ ವಾರ. ಅವತ್ತಾದರೂ ಮನೆಯಲ್ಲಿರುತ್ತಾರಲ್ಲ ಎಂದು ಕಾಯುತ್ತಿದ್ದೆ. ಇದ್ದರು, ಬಿಡಿ. ಬಾಗಿಲಿಗೆ ಬಂದು ಬೀದಿ ನೋಡಿ ಒಳಗೆ ಹೋಗುವುದು, ಮತ್ತೆ ಬರುವುದು. ಮಂಗಳವಾರ ಎಂಟೂವರೆ ಆಗುವುದನ್ನೇ ಕಾಯುತ್ತಿದ್ದಾರೆಂದು ಕುರುಡರಿಗೂ ಗೊತ್ತಾಗುತ್ತಿತ್ತು.

ಒಂದು ದಿನ ಕಳಲೆಯಿಂದ ಬಂದು ಪೇಟೆಯಲ್ಲಿ ಹೂ ಮಾರುವ ಅಜ್ಜಿ ರವಿಕೆ ಅಳತೆ ಕೊಡಲು ಬಂದಳು. ಅಳತೆ ಹಿಡಿಯಲು ಬಿಡದೆ ನಗುತ್ತಲೇ ಇದ್ದಳು.

'ಏನಜ್ಜಿ, ನೆಟ್ಟಗೆ ನಿಂತ್ಕೊ' ಎಂದೆ.

'ಅಲ್ಲ ಕಣವ್ವಾ, ನಿಮ್ ಯಜಮಾನ್ರು ಬೆಳಿಗ್ಗೆ ಒಂದ್ ಸುದ್ದಿ ಓದುದ್ರು. ಯಾವ್ನೋ ಕಳ್ಳ ಕದಿಯೋಕೆ ಓಗಿ ಅಲ್ಲೇ ನಿದ್ದೆ ಮಾಡ್ಬುಟ್ನಂತೆ. ಇವ್ರು ಗೊರ್ಕೆ ಒಡ್ದು ತೋರ್ಸುದ್ರು ಕಣವ್ವ! ನಗಾಡಿ ನಗಾಡಿ ನನ್ ಒಟ್ಟೆ ಇನ್ನೂ ನೋಯ್ತಾ ಅದೆ. ನೀನೇ ಪುಣ್ಯವಂತೆ, ಮನೇಲಿ ದಿನಾ ನಗ್ತಾ ಇರ್ತೀಯ.'

ನನ್ನ ಕೈಲಿದ್ದ ಟೇಪು ಹಾಗೇ ನಿಂತಿತು. ಗೊರಕೆ ಹೊಡೆದು ತೋರಿಸಿದರಂತೆ! ನನಗೆ ಹ್ಞೂಂ, ಇವಳಿಗೆ ಗೊರಕೆ. ಮೈಯೆಲ್ಲ ಉರಿದುಹೋಯಿತು. ಅಜ್ಜಿಯ ತೋಳಿನ ಅಳತೆಯನ್ನು ಅರ್ಧ ಇಂಚು ಕಮ್ಮಿ ಬರೆದುಕೊಂಡೆ. ಆಮೇಲೆ ಆ ರವಿಕೆಯನ್ನು ಬಿಚ್ಚಿ ಮತ್ತೆ ಹೊಲಿದುಕೊಡಬೇಕಾಯಿತು, ಅದು ಬೇರೆ ಮಾತು.

ಮರುದಿನ ತರಕಾರಿ ನೆಪ ಮಾಡಿಕೊಂಡು ಹೋದೆ. ಲೈಬ್ರರಿಯ ಎದುರಿಗೆ ಬೇವಿನ ಮರ, ಮರದ ಕೆಳಗೆ ಸೈಕಲ್ ಶಾಪು. ಅದರ ಮರೆಯಲ್ಲಿ ನಿಂತೆ. ಆ ಲೈಬ್ರರಿಯಲ್ಲಿ ಒಂದು ಪದ್ಧತಿ ಇತ್ತು. ಒಳಗೆ 'ನಿಶ್ಶಬ್ದ' ಎಂದು ಬೋರ್ಡು. ಇವತ್ತಿನ ಪೇಪರ್ ಅಲ್ಲಿ, ಓದು ಬಂದವರು ತುಟಿ ಪಿಟಕ್ಕೆನ್ನದೆ ಓದಬೇಕು. ನಿನ್ನೆಯ ಪೇಪರ್ ಮಾತ್ರ ಹೊರಗಿನ ಜಗಲಿಗೆ ಬರುತ್ತಿತ್ತು. ಓದು ಬಾರದವರಿಗೆ, ಕಣ್ಣು ಮಂಜಾದವರಿಗೆ ಅಲ್ಲಿ ಯಾರಾದರೂ ಗಟ್ಟಿಯಾಗಿ ಓದಬಹುದು. ಹಾಗಾಗಿ ಜಗಲಿಯವರಿಗೆಲ್ಲ ಲೋಕ ಒಂದು ದಿನ ಹಿಂದೆ ನಡೆಯುತ್ತಿತ್ತು. ಚುನಾವಣೆಯ ಫಲಿತಾಂಶ ಊರಿಗೆಲ್ಲ ಗೊತ್ತಾಗಿ ಪಟಾಕಿ ಹೊಡೆದು ಮುಗಿದಿದ್ದರೂ ಜಗಲಿಯಲ್ಲಿ, 'ಯೋಳ್ಬೇಡ್ರಪ್ಪಾ, ನಾಳೆ ಓದ್ತಾರೆ' ಎಂದು ಕಿವಿ ಮುಚ್ಚಿಕೊಳ್ಳುತ್ತಿದ್ದರಂತೆ.

ಹತ್ತು ಹನ್ನೆರಡು ಜನ ಕೂತಿದ್ದರು. ಬದನವಾಳಿನ ಖಾದಿ ಕೇಂದ್ರದಲ್ಲಿ ನೂಲು ತೆಗೆದು ಮುದುಕನಾದ ಒಬ್ಬ ತಾತ. ಪುರಸಭೆಯಲ್ಲಿ ಬೀದಿ ಗುಡಿಸಿ ನಿವೃತ್ತರಾದ, ಹೊಳೆ ಕಡೆಯ ಕೇರಿಯ ಒಬ್ಬ ದೊಡ್ಡ ಮನುಷ್ಯರು. ಅವರ ಭುಜಕ್ಕೆ ಭುಜ ತಾಗಿಸಿಕೊಂಡು ಹಣೆ ತುಂಬ ವಿಭೂತಿ ಬಳಿದುಕೊಂಡ ಅಕ್ಕಿ ಮಂಡಿಯ ಮುದುಕರು. ಹೂವಿನ ಅಜ್ಜಿ. ಬೇರೆ ಕಡೆ ಇವರಲ್ಲಿ ಒಬ್ಬರ ಜಗಲಿ ಮೇಲೆ ಇನ್ನೊಬ್ಬರು ಕೂತದ್ದನ್ನು ನಾನು ಕಂಡವಳಲ್ಲ. ಇವರೆಲ್ಲರ ನಡುವೆ ಕಾಲು ಮಡಿಸಿಕೊಂಡು, ಪೇಪರ್ ಹರವಿಕೊಂಡು ನನ್ನ ಗಂಡ.

ಓದುತ್ತಿದ್ದರು. ಅದೇ ಗಂಟಲು, ಗಿರಣಿಯ ಗಂಟಲು. ಮಂತ್ರಿಯ ಭಾಷಣಕ್ಕೆ ಮಂತ್ರಿಯ ದನಿ, ಪೊಲೀಸಿನವನಿಗೆ ಪೊಲೀಸಿನ ದನಿ. ನಡುವೆ ನಿಲ್ಲಿಸಿ ಹೂವಿನ ಅಜ್ಜಿಯನ್ನು, 'ಮಂಡಿ ನೋವು ಎಂಗದವ್ವಾ? ಎಣ್ಣೆ ಉಜ್ಜುದ್ಯಾ?' ಎಂದು ಕೇಳಿದರು. ನನ್ನ ಮಂಡಿ ಹೇಗಿದೆ ಎಂದು ಅವರು ಕೇಳಿ ಒಂಬತ್ತು ತಿಂಗಳಾಗಿತ್ತು. ದಿನವಿಡೀ ಮಿಷನ್ ತುಳಿಯುವ ಮಂಡಿ ನನ್ನದು!

ಖುಷಿಪಡಬೇಕಿತ್ತು, ಒಪ್ಪುತ್ತೇನೆ. ಗಂಡನಿಗೆ ಮಾತು ಬಂದಿದೆ, ಜೀವ ಬಂದಿದೆ ಎಂದು ನಂಜುಂಡನಿಗೆ ಕಾಯಿ ಒಡೆಯಬೇಕಿತ್ತು. ಒಳ್ಳೆಯ ಹೆಂಗಸಾಗಿದ್ದರೆ ಹಾಗೆ ಮಾಡುತ್ತಿದ್ದಳು. ನಾನು ಸೈಕಲ್ ಶಾಪಿನ ಮರೆಯಲ್ಲಿ ನಿಂತು ಹೊಟ್ಟೆಕಿಚ್ಚಿನಿಂದ ಕಣ್ಣಲ್ಲಿ ನೀರು ಹಾಕಿದೆ. ನನ್ನ ಪಾಲಿನ ಮಾತನ್ನೆಲ್ಲ ಹಾದಿಹೋಕರಿಗೆ ಹಂಚಿ, ಖಾಲಿಯಾಗಿ ಮನೆಗೆ ಬರುತ್ತಾರಲ್ಲ ಎಂದು.

ಎರಡು ದಿನ ಹೊಟ್ಟೆಯೊಳಗೆ ಇಟ್ಟುಕೊಂಡೆ. ಮೂರನೇ ದಿನ, ಇವರು ಸ್ನಾನಕ್ಕೆ ಹೋಗಿದ್ದಾಗ, ಬಾಗಿಲು ತೆಗೆಯುವ ಹೊತ್ತಿಗೇ ಲೈಬ್ರರಿಗೆ ಓಡಿದೆ. ಲೈಬ್ರರಿ ನೋಡಿಕೊಳ್ಳುತ್ತಿದ್ದವರು ಸಾಧು ಮನುಷ್ಯರು, ಯಾರು ಏನು ಹೇಳಿದರೂ ನಂಬುವವರು. ಅವರ ಮುಂದೆ ಸೆರಗು ಬಾಯಿಗೆ ಇಟ್ಟುಕೊಂಡು ಹೇಳಿದೆ:

'ಸಾ, ನಮ್ ಯಜಮಾನ್ರಿಗೆ ಎದೇಲಿ ಕೆಮ್ಮು. ಡಾಕ್ಟ್ರು ಗಟ್ಟಿಯಾಗಿ ಓದ್ಲೇಬಾರ್ದು, ಜನದ ಮಧ್ಯೆ ಕೂರ್ಲೇಬಾರ್ದು ಅಂದವ್ರೆ. ನಾನೇಳ್ದೆ ಅಂತ ಮಾತ್ರ ಅನ್ಬೇಡಿ. ಕಾಯ್ಲೆ ಸುದ್ದಿ ಎತ್ತುದ್ರೆ ಅವ್ರಿಗೆ ಕೋಪ ಬತ್ತದೆ.'

ಪಾಪ, ಅವರ ಮುಖ ಬಿಳಿಚಿಕೊಂಡಿತು. 'ಆಗ್ಲಿ ತಾಯಿ, ನಾನು ನೋಡ್ಕೋತೀನಿ' ಎಂದರು.

ಅವತ್ತು ಇವರು ಹೋದವರು ಒಂಬತ್ತಕ್ಕೇ ವಾಪಸ್ ಬಂದರು. ಚಪ್ಪಲಿ ಬಿಟ್ಟು ಗೋಡೆಗೆ ಒರಗಿ ಕೂತರು. ನಾನು ಏನೂ ಅರಿಯದವಳಂತೆ, 'ಯಾಕೆ, ಇವತ್ತು ರಜಾನಾ?' ಎಂದೆ.

'ಸ್ವಲ್ಪ ದಿನ ಬರ್ಬೇಡಿ ಅಂದ್ರು' ಎಂದರು. ಯಾಕೆ ಎಂದು ಇವರೂ ಕೇಳಿಲ್ಲ, ಲೈಬ್ರರಿಯವರೂ ಹೇಳಿಲ್ಲ.

ಒಂಬತ್ತು ತಿಂಗಳಲ್ಲಿ ನನ್ನ ಹತ್ತಿರ ಆಡಿದ ಉದ್ದದ ಮಾತು ಅದು. ಗಿರಣಿಯವರು ಬೀಗ ಹಾಕಿ ಬರಬೇಡಿ ಎಂದಿದ್ದರು. ಈಗ ಜಗಲಿಯಿಂದಲೂ ಬರಬೇಡಿ ಎನ್ನಿಸಿದವಳು ನಾನು. ಆಗಲೇ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಬೆಳಿಗ್ಗೆಯೂ ಮನೆಯಲ್ಲಿದ್ದಾರೆ, ಸಂಜೆಯೂ ಇದ್ದಾರೆ, ವಾರವೆಲ್ಲ ನನಗೇ ಸೋಮವಾರ ಎಂದು ಒಳಗೊಳಗೇ ಕುಣಿದೆ. ಉಪ್ಪಿಟ್ಟು ಮಾಡಿದೆ, ಅವರಿಗೆ ಇಷ್ಟವಾದ ಮಸೊಪ್ಪು ಮಾಡಿದೆ. ತಟ್ಟೆಯಲ್ಲಿ ಬಡಿಸಿದ್ದು ಹಾಗೇ ಉಳಿಯತೊಡಗಿತು. ಮೂರನೇ ದಿನ 'ಹ್ಞೂಂ' ಕೂಡ ನಿಂತು ಬರೀ ತಲೆ ಆಡಿಸುವುದಾಯಿತು. ನಾಲ್ಕನೇ ದಿನ ಸ್ನಾನಕ್ಕೂ ಏಳಲಿಲ್ಲ. ನನಗೆ ಭಯ ಹತ್ತಿತು, ಆದರೂ ಬಾಯಿ ಬಿಡಲಿಲ್ಲ. ಅಷ್ಟು ಕೆಟ್ಟ ಹಟ ನನ್ನದು.

ಐದನೇ ದಿನ ಬೆಳಿಗ್ಗೆ ಬಾಗಿಲಲ್ಲಿ ಯಾರೋ ಕೆಮ್ಮಿದರು. ನೋಡಿದರೆ ಬದನವಾಳಿನ ತಾತ, ಕೈಯಲ್ಲಿ ಆಡುಸೋಗೆ ಸೊಪ್ಪಿನ ಕಟ್ಟು.

'ಇದ್ರ ರಸಕ್ಕೆ ಜೇನ್ತುಪ್ಪ ಆಕಿ ಕುಡ್ಸವ್ವಾ. ಎಂಥಾ ಕೆಮ್ಮಿದ್ರೂ ಕಿತ್ಕಂಡ್ ಓಯ್ತದೆ' ಎಂದರು.

ಅವರ ಹಿಂದೆ ಹೂವಿನ ಅಜ್ಜಿ, ಮೆಣಸಿನ ಕಷಾಯವನ್ನು ಲೋಟಕ್ಕೆ ಬಟ್ಟೆ ಕಟ್ಟಿಕೊಂಡು ತಂದಿದ್ದಳು. ಅಕ್ಕಿ ಮಂಡಿಯವರು ಹಿಪ್ಪಲಿ. ಅವರ ಹಿಂದೆ ಇನ್ನೂ ನಾಲ್ಕು ಜನ. ಪುರಸಭೆಯಲ್ಲಿದ್ದವರು ಮಾತ್ರ ನಮ್ಮ ಮನೆಯ ಜಗಲಿಯ ಕೆಳಗೆ ಬೀದಿಯಲ್ಲೇ ನಿಂತಿದ್ದರು. ಅವರ ಕೈಯಲ್ಲಿ ನಿನ್ನೆಯ ಪೇಪರ್ ಇತ್ತು. 'ಲೈಬ್ರರಿ ಸಾ ಕೊಟ್ರು ಕಣವ್ವ, ಅವ್ರು ಮಲಗ್ಕಂಡಾದ್ರೂ ಓದ್ಕಳ್ಳಲಿ ಅಂತ. ನಮ್ಗೇನೂ ಓದೋದ್ ಬೇಡ, ಮುಖ ನೋಡ್ಕಂಡ್ ಓಯ್ತೀವಿ' ಎಂದರು. ಅವರನ್ನು ಮೇಲೆ ಬನ್ನಿ ಎನ್ನಬೇಕೆಂದು ನನಗೆ ತೋಚಲಿಲ್ಲ. ಹದಿನೆಂಟು ವರ್ಷ ಆ ಬೀದಿಯಲ್ಲಿ ಬಾಳಿದರೂ ತೋಚಲಿಲ್ಲ.

ಅಷ್ಟು ಹೊತ್ತಿಗೆ ನನ್ನ ಹಿಂದೆ ಇವರು ಬಂದು ನಿಂತಿದ್ದರು. ನಾಲ್ಕು ದಿನದ ಗಡ್ಡ. ಬಂದವರನ್ನೆಲ್ಲ ನೋಡಿದರು, ಸೊಪ್ಪು ನೋಡಿದರು, ಕಷಾಯ ನೋಡಿದರು.

'ಯಾಕಣ್ಣ ಕೆಳ್ಗೇ ನಿಂತ್ಕಂಡೆ? ಅಲ್ಲಿ ಕೂರಲ್ವಾ ನನ್ ಪಕ್ಕ? ಬಾ ಮ್ಯಾಲೆ' ಎಂದು ಬೀದಿಯಲ್ಲಿದ್ದವರ ಕೈ ಹಿಡಿದು ಹತ್ತಿಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, ಎಲ್ಲರ ಎದುರಿಗೆ ಕೇಳಿದರು: 'ನಂಗ್ಯಾವಾಗ್ಲೆ ಬಂತು ಕೆಮ್ಮು?'

ಅಯ್ಯೋ, ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು. ಆ ಸುಳ್ಳನ್ನು ಮುಚ್ಚಲು ಇನ್ನೊಂದು ಸುಳ್ಳು ಬಾಯಿಗೆ ಬರಲಿಲ್ಲ.

'ಬಂದಿಲ್ಲ' ಎಂದೆ. 'ನಾನೇ ಓಗಿ ಸುಳ್ಳೇಳ್ದೆ. ಒಟ್ಟೆ ಉರೀತು ಕಣ್ರೀ ನಂಗೆ! ಇವ್ರಿಗೆಲ್ಲ ಗೊರ್ಕೆ ಒಡ್ದು ತೋರುಸ್ತೀರಿ, ಇವ್ರ ಮಂಡಿ ಇಚಾರ ಕೇಳ್ತೀರಿ. ನಾನೇನ್ ಪಾಪ ಮಾಡಿದ್ದೆ? ನಂಗೊಂದ್ ಮಾತಿಲ್ಲ. ನಾನೇನ್ ಕಲ್ಲಾ?'

ಹೂವಿನ ಅಜ್ಜಿಯೇ ಮೊದಲು ಬಾಯಿ ತೆರೆದಳು. 'ಅಯ್ ನಿನ್ನ! ಮಂಡಿ ಕತೆ ನೀನೇ ಇಟ್ಕಳವ್ವ, ನಂಗ್ಯಾಕೆ. ಕಷಾಯ ವೇಸ್ಟ್ ಆಯ್ತದೆ, ನೀನಾದ್ರೂ ಕುಡಿ, ಒಟ್ಟೆ ಉರಿಗೂ ಒಳ್ಳೇದು' ಎಂದಳು. ಎಲ್ಲರೂ ಗೊಳ್ಳೆಂದರು. ನಾನು ಕುಡಿದೆ. ಗಂಟಲು ಸುಟ್ಟುಹೋಯಿತು, ಸುಡಲಿ ಎಂದೇ ಕುಡಿದೆ. ಇವರು ನಗಲಿಲ್ಲ.

ಅವರೆಲ್ಲ ಹೋದ ಮೇಲೆ ಬೈಯುತ್ತಾರೆಂದು ಕಾದೆ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು. ಬಹಳ ಹೊತ್ತು ಪೇಪರನ್ನು ಮಡಿಸುತ್ತ ಬಿಚ್ಚುತ್ತ ಕೂತಿದ್ದು ಹೇಳಿದರು: 'ಅಲ್ಲಿ ಬೇರೆಯವ್ರ ಮಾತು ಇರ್ತದೆ, ಓದ್ತೀನಿ. ನಿನ್ನತ್ರ ಆದ್ರೆ ನಂದೇ ಆಡ್ಬೇಕು. ನಂದು ಬಾಯಿಗ್ ಬರಲ್ಲ ಕಣೆ.'

'ಅಂಗಾರೆ ನಂಗೂ ಬೇರೆಯವ್ರುದ್ನೇ ಓದಿ' ಎಂದೆ, ಸಿಟ್ಟಿನಲ್ಲೇ.

ಲೈಬ್ರರಿಗೆ ಹೋಗಿ ನಾನೇ ತಪ್ಪೊಪ್ಪಿಕೊಂಡು ಬಂದೆ. ಆ ಪುಣ್ಯಾತ್ಮರು, 'ಕೆಮ್ಮಿಲ್ವಲ್ಲ, ಅಷ್ಟು ಸಾಕು ತಾಯಿ' ಎಂದರು. ಇವರು ಮತ್ತೆ ಹೋಗತೊಡಗಿದರು. ಆದರೆ ಈಗ ಹನ್ನೊಂದೂವರೆಗೆ ವಾಪಸ್ ಬರುವಾಗ ಕಂಕುಳಲ್ಲಿ ಒಂದು ಪೇಪರ್ ಇರುತ್ತಿತ್ತು, ಸಂಜೆ ನಾಲ್ಕಕ್ಕೆ ಹಿಂದಿರುಗಿಸಬೇಕು ಎಂಬ ಮಾತಿನ ಮೇಲೆ. ಇವತ್ತಿನದು ಒಳಗಿನವರಿಗೆ, ನಿನ್ನೆಯದು ಜಗಲಿಗೆ, ಮೊನ್ನೆಯದು ನನಗೆ. ಊಟವಾದ ಮೇಲೆ ನಾನು ಮಿಷನ್ ತುಳಿಯುವುದು, ಅವರು ಪಕ್ಕದಲ್ಲಿ ಕೂತು ಓದುವುದು. ಹತ್ತನೇ ಕ್ಲಾಸ್ ಪಾಸಾದವಳು ನಾನು. ಹೆಮ್ಮಿಗೆಯ ತವರಿನಲ್ಲಿದ್ದಾಗ ವಾರಪತ್ರಿಕೆಯ ಧಾರಾವಾಹಿಗೆ ತಂಗಿಯ ಜೊತೆ ಕಿತ್ತಾಡಿದವಳು. ನಾನೇ ಓದಿಕೊಳ್ಳಬಹುದಿತ್ತು. ಹಾಗೆ ಅವರೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಸಮಾಧಾನವಾಯಿತೆಂದು ತಿಳಿಯಬೇಡಿ. ಮಂತ್ರಿಯ ದನಿ ತೆಗೆದರೆ, ಇದನ್ನು ನಿನ್ನೆ ಜಗಲಿಯವರಿಗೆ ಇನ್ನೂ ಚೆನ್ನಾಗಿ ಮಾಡಿದ್ದಿರಬೇಕು ಅನ್ನಿಸುತ್ತಿತ್ತು. ಎಲ್ಲರೂ ಉಂಡು ಕೈ ತೊಳೆದ ಮೇಲೆ ತಳ ಕೆರೆದು ಬಡಿಸಿದ ಹಾಗೆ. ಹೂವಿನ ಅಜ್ಜಿ ನಕ್ಕ ಸುದ್ದಿಗೆ ನಗಬಾರದೆಂದು ಹಲ್ಲು ಕಚ್ಚಿಕೊಂಡು ಕೂರುತ್ತಿದ್ದೆ. ಅವರ ಬಾಯಿಂದ ಬರುತ್ತಿದ್ದದ್ದು ಅಚ್ಚಾದ ಅಕ್ಷರ ಮಾತ್ರ. ಪೇಪರ್ ಮಡಿಸಿದ ಕೂಡಲೇ ಬಾಯಿಯೂ ಮುಚ್ಚುತ್ತಿತ್ತು. ಹೀಗೇ ಮೂರು ತಿಂಗಳು ಕಳೆಯಿತು.

ಒಂದು ಮಧ್ಯಾಹ್ನ ಯಾರದೋ ಮದುವೆ ರವಿಕೆಗೆ ಅಂಚು ಕೂರಿಸುತ್ತಿದ್ದೆ. ಇವರು ಎರಡು ಸುದ್ದಿ ಓದಿ ಹಾಳೆ ತಿರುವಿದರು. ಕನ್ನಡಕ ಸರಿಮಾಡಿಕೊಂಡು ಓದಿದರು:

'ನಂಜನಗೂಡು: ಇಲ್ಲಿನ ಗಿರಣಿಯೊಂದರಲ್ಲಿ ಮೇಸ್ತ್ರಿಯಾಗಿದ್ದ ವ್ಯಕ್ತಿಯೊಬ್ಬರಿಗೆ, ಗಿರಣಿ ಮುಚ್ಚಿದ ಮೂರು ತಿಂಗಳ ನಂತರ, ಬೇರೊಂದು ಕಾರ್ಖಾನೆಯ ಗೇಟಿನಲ್ಲಿ ವಾಚ್‌ಮನ್ ಕೆಲಸ ಸಿಕ್ಕಿತ್ತು ಎಂದು ತಿಳಿದುಬಂದಿದೆ.'

ನಮ್ಮ ಊರಿನ ಸುದ್ದಿಯೇ ಬಂದಿದೆಯಲ್ಲ ಎಂದು ನಾನು ತುಳಿಯುತ್ತಲೇ ಕೇಳಿಸಿಕೊಂಡೆ.

'ತಮ್ಮ ಕೈಕೆಳಗೆ ಕೆಲಸ ಕಲಿತವರೇ ಆ ಗೇಟಿನಲ್ಲಿ ಒಳಗೆ ಹೋಗುತ್ತಿದ್ದುದನ್ನು ಕಂಡ ಸದರಿ ವ್ಯಕ್ತಿ, ಅವರಿಗೆ ಸೆಲ್ಯೂಟ್ ಹೊಡೆಯಲಾರದೆ, ಕೊಟ್ಟ ಟೋಪಿಯನ್ನು ಮೇಜಿನ ಮೇಲಿಟ್ಟು ಹಿಂದಿರುಗಿದರು. ಮನೆಗೆ ಬಂದು ಪತ್ನಿಗೆ, ಕೆಲಸ ಖಾಲಿ ಇಲ್ಲವಂತೆ ಎಂದು ಸುಳ್ಳು ಹೇಳಿದರು.'

ನನ್ನ ಕಾಲು ನಿಂತಿತು. ಬಗ್ಗಿ ಅವರ ಕೈಯಲ್ಲಿದ್ದ ಹಾಳೆ ನೋಡಿದೆ. ಪುಟದ ತುಂಬ ಟೆಂಡರ್ ಪ್ರಕಟಣೆಗಳು. ರಸ್ತೆ ಡಾಂಬರು, ಬೋರ್‌ವೆಲ್, ಇನ್ನೇನೋ. ಇವರ ಕಣ್ಣು ಆ ಅಕ್ಷರಗಳ ಮೇಲೆಯೇ ಇತ್ತು. ಬೆರಳು ಸಾಲಿನಿಂದ ಸಾಲಿಗೆ ಸರಿಯುತ್ತಿತ್ತು.

'ಪತ್ನಿ ಅಂದು ಅಕ್ಕಿ ರೊಟ್ಟಿ ತಟ್ಟಿ ಬಿಸಿಬಿಸಿ ಬಡಿಸಿದರು. ಓಗ್ಲಿ ಬುಡಿ, ನಾನಿಲ್ವಾ, ಎಂದು ಹೇಳಿ ಇನ್ನಷ್ಟು ಹೊಲಿಗೆ ಒಪ್ಪಿಕೊಂಡರು. ಅಂದಿನಿಂದ ಸದರಿ ವ್ಯಕ್ತಿಗೆ ಪತ್ನಿಯ ಮುಖ ನೋಡಿ ಮಾತನಾಡಲು...'

ಆ ದೊಡ್ಡ ಗಂಟಲು ಅಲ್ಲಿಗೆ ನಿಂತಿತು.

ಆ ರೊಟ್ಟಿ ನನಗೆ ಚೆನ್ನಾಗಿ ನೆನಪಿತ್ತು. ಎರಡು ತಿಂದು ಮೂರನೆಯದನ್ನು ಬೇಡವೆಂದಿದ್ದರು. ಇಷ್ಟು ದಿನ ನನ್ನ ಹೊಟ್ಟೆ ಉರಿಸಿದ ಮೌನ ನನ್ನ ಒಳ್ಳೆಯ ಮಾತಿನಿಂದಲೇ ಹುಟ್ಟಿತ್ತಲ್ಲ ಎಂದು ಅಳಬೇಕಿತ್ತೋ, ಸುಳ್ಳು ಹೇಳಿದಿರಲ್ಲ ಎಂದು ಕೂಗಾಡಬೇಕಿತ್ತೋ ಗೊತ್ತಿಲ್ಲ. ನನ್ನ ಬಾಯಿಂದ ಬಂದದ್ದು ಬೇರೆ. ನನ್ನ ಹುಟ್ಟುಗುಣ ಎಲ್ಲಿ ಹೋದೀತು?

'ಇದ್ನ ನಿನ್ನೆ ಜಗಲಿ ಮ್ಯಾಲೆ ಓದುದ್ರಾ?' ಎಂದೆ.

'ಇಲ್ಲ.'

'ಆ ಊವಿನ ಅಜ್ಜಿಗೆ?'

ಅವರು ಪೇಪರ್ ಕೆಳಗಿಟ್ಟರು. ಎಷ್ಟೋ ತಿಂಗಳ ಮೇಲೆ ನನ್ನ ಮುಖವನ್ನು ನೆಟ್ಟಗೆ ನೋಡಿದರು.

'ಯಾರ್ಗೂ ಓದಿಲ್ಲ ಕಣೆ' ಎಂದರು. 'ನಿಂಗೇ ಮೊದ್ಲು.'